ಗಿಡಮೂಲಿಕೆ ಕೀಟನಾಶಕ ಎಂದು ಕೊಟ್ಟ ಬಾಟಲಿಯಲ್ಲಿ ಇದ್ದದ್ದು ರಾಸಾಯನಿಕ!

ಸಾವಯವ ಬೆಳೆಗಾರರು ದಯವಿಟ್ಟು ಇದನ್ನು ಓದಿ. ‘ನೂರಕ್ಕೆ ನೂರು ಗಿಡಮೂಲಿಕೆ’ ಎಂಬ ಚೀಟಿ ನೋಡಿ ಬಾಟಲಿ ಕೊಳ್ಳುವ ಮೊದಲು ಓದಿ.

ಮೆಣಸಿನ ಗಿಡಗಳಿಗೆ ಥ್ರಿಪ್ಸ್ ನುಸಿ ಹತ್ತಿ ಎಲೆಗಳು ಮುದುಡಿದ್ದವು. ಬೇವಿನ ಬೀಜದ ಕಷಾಯ ಸಿಂಪಡಿಸುತ್ತಿದ್ದೆ. ಮಾರಾಟಗಾರ ಬಂದ. “ಅರೆದು ಸೋಸುವ ಕಷ್ಟ ಯಾಕೆ ಯಜಮಾನರೇ? ಇದು ಬೇವು, ಹೊಂಗೆಯ ಸಾರ. ಒಂದೇ ಸಿಂಪಡಣೆ ಸಾಕು” ಎಂದ. ಸಾವಯವಕ್ಕೆ ಒಪ್ಪಿಗೆಯಿದೆ ಎಂಬ ಪ್ರಮಾಣಪತ್ರವನ್ನೂ ತೋರಿಸಿದ.

ಬೆಳಿಗ್ಗೆ ಸಿಂಪಡಿಸಿದೆ. ಸಂಜೆ ಹೂವುಗಳನ್ನು ಅಂಗೈ ಮೇಲೆ ಕೊಡವಿ ನೋಡಿದರೆ ಒಂದು ನುಸಿಯೂ ಹರಿದಾಡಲಿಲ್ಲ. ಆದರೆ ಸಾಲಿನ ನಡುವೆ ಜೇನುನೊಣಗಳು ಅಂಗಾತ ಬಿದ್ದು ಕಾಲು ಆಡಿಸುತ್ತಿದ್ದವು. ಮಾರಾಟಗಾರನಿಗೆ ಫೋನ್ ಮಾಡಿ ಕೇಳಿದೆ. “ಬೇವಿನ ಘಾಟಿಗೆ ಮಂಕಾಗಿವೆ, ಎದ್ದು ಹಾರುತ್ತವೆ” ಎಂದ. ಒಂದೂ ಏಳಲಿಲ್ಲ. ಬೇವಿನಲ್ಲಿ ಕೀಟದ ಮೇಲೆ ಕೆಲಸ ಮಾಡುವ ಅಂಶವಾದ ಅಜಾಡಿರಾಕ್ಟಿನ್ ಹೀಗೆ ಒಂದೇ ದಿನದಲ್ಲಿ ಹೊಡೆದು ಉರುಳಿಸುವುದಿಲ್ಲ. ಅದು ಕೀಟದ ಹಸಿವು ಕೆಡಿಸುತ್ತದೆ, ಮರಿಗಳು ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಗುಣ ಕಾಣಲು ದಿನಗಳೇ ಬೇಕು.

ಕೊಯ್ಲಾದ ಮೇಲೆ ಖರೀದಿದಾರರು ಕಾಯಿಯಲ್ಲಿ ಕೀಟನಾಶಕ ಉಳಿದಿದೆಯೇ ಎಂದು ನೋಡುವ ಶೇಷಾಂಶ ಪರೀಕ್ಷೆ ಮಾಡಿಸಿದರು. ಇಮಿಡಾಕ್ಲೋಪ್ರಿಡ್ ಸಿಕ್ಕಿತು! ಗಿಡದ ರಸದಲ್ಲೇ ಸೇರಿಕೊಳ್ಳುವ ರಾಸಾಯನಿಕ ಕೀಟನಾಶಕ ಅದು, ಕಾಯಿ ತೊಳೆದರೆ ಹೋಗುವಂಥದ್ದಲ್ಲ. ಹತ್ತಾರು ಜನರ ಎದುರು “ಸಾವಯವ ಅಂತ ಹೇಳಿ ಕದ್ದು ವಿಷ ಹೊಡೆದಿದ್ದೀರಲ್ಲ” ಎಂದರು. ಕಳ್ಳನ ಹಾಗೆ ತಲೆ ತಗ್ಗಿಸಿ ನಿಂತೆ. ವಿಷ ಬೆರೆಸಿದವನು ಯಾರೋ, ಮಾತು ಕೇಳಿದವನು ನಾನು. ಬಾಟಲಿಯ ತಳದಲ್ಲಿ ಉಳಿದದ್ದನ್ನು ಕೈಯಿಂದ ದುಡ್ಡು ಹಾಕಿ ಪರೀಕ್ಷೆ ಮಾಡಿಸಿದೆ. ಅದರಲ್ಲೂ ಅದೇ.

ಈಗ ಆ ಮಾರಾಟಗಾರನ ಉತ್ತರಗಳನ್ನು ಕೇಳಿ. ಮೊದಲು, “ಪಕ್ಕದ ಹೊಲದಿಂದ ಗಾಳಿಗೆ ಬಂದಿರಬೇಕು.” ಬಾಟಲಿಯ ವರದಿ ಕಳಿಸಿದ ಮೇಲೆ, “ಮುಚ್ಚಳ ತೆರೆದ ಬಾಟಲಿಗೆ ನಾವು ಹೊಣೆಯಲ್ಲ.” ಕೊನೆಗೆ, “ನುಸಿ ಹೋಯಿತೋ ಇಲ್ಲವೋ ಹೇಳಿ. ಬೆಳೆ ಉಳಿಯಿತಲ್ಲ, ಇನ್ನೇನು ಬೇಕು?” ಇನ್ನೇನು ಬೇಕು ಅಂತೆ! ಸಾವಯವ ಪ್ರಮಾಣೀಕರಣ ಹೋಗಿ, ಹೊಲ ಸಾವಯವಕ್ಕೆ ಬದಲಾಗುವ ಪರಿವರ್ತನೆಯ ಅವಧಿಯನ್ನು ಮತ್ತೆ ಮೊದಲಿನಿಂದ ಕಳೆಯಬೇಕಾದ ನನಗೆ ಕೇಳುವ ಮಾತೇ ಇದು? ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಸಕ್ರಿಯ ಅಂಶದ ಹೆಸರು, ಅದರ ಪ್ರಮಾಣ, ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಬಾಟಲಿಯನ್ನು ಮುಟ್ಟಬೇಡಿ. ರಸೀದಿಯಿಲ್ಲದೆ ಕೊಳ್ಳಬೇಡಿ. ಅದೇ ಬ್ಯಾಚಿನ ಒಂದು ಬಾಟಲಿಯನ್ನು ತೆರೆಯದೆ ಎತ್ತಿಡಿ, ‘ಮುಚ್ಚಳ ತೆರೆದಿದೆ’ ಎಂಬ ನೆಪಕ್ಕೆ ಜಾಗವಿರುವುದಿಲ್ಲ. ‘ಬೇವು’ ಹೊಡೆದ ದಿನವೇ ಹುಳುಗಳು ರಾಶಿ ಬಿದ್ದರೆ ಸಿಂಪಡಣೆ ನಿಲ್ಲಿಸಿ, ಉಳಿದ ದ್ರಾವಣವನ್ನು ನೇರವಾಗಿ ಪ್ರಯೋಗಾಲಯಕ್ಕೆ ಕಳಿಸಿ.