ಪ್ರೋಗ್ರೆಸಿವ್ ಫೋರ್ಕ್ ಸ್ಪ್ರಿಂಗ್: 18,000 ಕಿ.ಮೀ. ಓಡಿಸಿದ ಮೇಲೆ

ಬೈಕು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650. ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಸಸ್ಪೆನ್ಶನ್ ಕಾಲು) 41 ಮಿ.ಮೀ., ಟ್ರಾವೆಲ್, ಅಂದರೆ ಮೇಲೆ ಕೆಳಗೆ ಆಡುವ ದೂರ, 110 ಮಿ.ಮೀ. ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರಮಾಣ, ತಿರುಗಿಸಿ ಬದಲಿಸುವ ವ್ಯವಸ್ಥೆ ಇಲ್ಲ. ಹಾಕಿದ್ದು ಒಂದು ಜೋಡಿ ಪ್ರೋಗ್ರೆಸಿವ್ (ಅದುಮಿದಷ್ಟೂ ಗಟ್ಟಿಯಾಗುತ್ತಾ ಹೋಗುವ) ಸ್ಪ್ರಿಂಗ್, ಜೊತೆಗೆ ಹೊಸ 10W ಫೋರ್ಕ್ ಆಯಿಲ್. W ಅಂಕಿ ಹೆಚ್ಚಿದಷ್ಟೂ ಆಯಿಲ್ ಮಂದ.

ಸ್ಪ್ರಿಂಗ್ ಒಳ್ಳೆಯದೇ. ಆದರೆ ಹಾಕಿಸಿ ಸುಮ್ಮನಾದರೆ ಕೊಟ್ಟ ದುಡ್ಡಿಗೆ ಅರ್ಧ ಸುಖವೂ ಸಿಗದು. ಸ್ಯಾಗ್, ಅಂದರೆ ಸವಾರ ಕೂತಾಗ ಫೋರ್ಕ್ ಎಷ್ಟು ತಗ್ಗುತ್ತದೆ ಎಂಬುದನ್ನು ನೋಡಲೇಬೇಕು. ಮುಂಭಾಗ ಎತ್ತಿ ಫೋರ್ಕ್ ಪೂರ್ತಿ ಚಾಚಿದಾಗ ಡಸ್ಟ್ ಸೀಲಿನಿಂದ ಕೆಳಗಿನ ಕ್ಲ್ಯಾಂಪಿನವರೆಗೆ ಅಳೆಯಿರಿ. ಹೆಲ್ಮೆಟ್, ಜಾಕೆಟ್ ಸಮೇತ ಕೂತು ಇನ್ನೊಬ್ಬರಿಂದ ಮತ್ತೆ ಅಳೆಸಿ. ವ್ಯತ್ಯಾಸ 33ರಿಂದ 38 ಮಿ.ಮೀ. ಇದ್ದರೆ ಸರಿ. ಜಾಸ್ತಿ ಇದ್ದರೆ ಫೋರ್ಕಿನ ಎರಡೂ ಕಾಲಿನ ಸ್ಪೇಸರ್ (ಸ್ಪ್ರಿಂಗಿನ ಮೇಲೆ ಕೂರುವ ಕೊಳವೆ) ಸಮನಾಗಿ ಉದ್ದ ಮಾಡಬೇಕು. ಪಿವಿಸಿ ಪೈಪಿನ ತುಂಡು ಸಾಕು, ತುದಿ ಮಾತ್ರ ನೇರವಾಗಿ ಕತ್ತರಿಸಿರಬೇಕು. 10 ಮಿ.ಮೀ. ಉದ್ದ ಮಾಡಿದರೆ ಬೈಕು ಹತ್ತಿರ ಹತ್ತಿರ ಅಷ್ಟೇ ಮೇಲೇಳುತ್ತದೆ.

"ಇನ್ನೊಂದಿಷ್ಟು ಪ್ರೀಲೋಡ್ ಇರಲಿ ಬಿಡಿ" ಅನ್ನುವ ಮೆಕ್ಯಾನಿಕ್ ಮಾತಿಗೆ ತಲೆಯಾಡಿಸಬೇಡಿ. ಈ ಸ್ಪ್ರಿಂಗಿನ ಮೆತ್ತನೆಯ ಭಾಗವೆಂದರೆ ಒತ್ತಾಗಿ ಸುತ್ತಿದ ಸುರುಳಿಗಳು. ಉದ್ದದ ಸ್ಪೇಸರ್ ಅವನ್ನು ಮೊದಲೇ ಅದುಮಿಬಿಟ್ಟರೆ ಸಣ್ಣ ಗುಂಡಿಗೆ ಉಳಿಯುವುದು ಗಟ್ಟಿ ಭಾಗ ಮಾತ್ರ. ಆಮೇಲೆ ಬೈಗುಳ ಸ್ಪ್ರಿಂಗಿಗೆ!

ಆಯಿಲ್ ಲೆಕ್ಕವನ್ನು ಮಿಲಿಲೀಟರಿನಲ್ಲಿ ನಂಬುವಂತಿಲ್ಲ, ಹಳೆಯದು ಒಳಗೆ ಸ್ವಲ್ಪ ಉಳಿದೇ ಇರುತ್ತದೆ. ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಅದುಮಿ, ಹತ್ತಾರು ಸಲ ಪಂಪ್ ಮಾಡಿ ಗಾಳಿ ಹೋದ ಮೇಲೆ, ಟ್ಯೂಬಿನ ಬಾಯಿಂದ ಆಯಿಲ್ ಎಷ್ಟು ಕೆಳಗಿದೆ ಎಂದು ಸ್ಟೀಲ್ ಸ್ಕೇಲ್ ಇಳಿಸಿ ನೋಡಬೇಕು. ಕಿಟ್‌ನ ಹಾಳೆಯಲ್ಲಿರುವ ಅಂಕಿಯಿಂದ ಶುರು ಮಾಡಿ. ಈ ಗಾತ್ರದ ಟ್ಯೂಬಿನಲ್ಲಿ 10 ಮಿ.ಲೀ. ಸುರಿದರೆ ಮಟ್ಟ ಸುಮಾರು 9 ಮಿ.ಮೀ. ಏರುತ್ತದೆ. ಅಷ್ಟಕ್ಕೇ ಕೊನೆಯ ಕಾಲುಭಾಗದ ಚಲನೆ ಗಟ್ಟಿಯಾದದ್ದು ಕೈಗೆ ತಿಳಿಯುತ್ತದೆ, ಯಾಕೆಂದರೆ ಮೇಲಿನ ಗಾಳಿಯೂ ಒಂದು ಸ್ಪ್ರಿಂಗೇ. ಅತಿಯಾದರೆ ಸೀಲ್ ಹೋಗುತ್ತದೆ.

15W ಹಾಕಿದರೆ ಬ್ರೇಕ್ ಹಿಡಿದಾಗ ಮುಂಭಾಗ ನಿಧಾನವಾಗಿ ತಗ್ಗುತ್ತದೆ, ನಿಜ. ಆದರೆ ಊರಿನ ಮುಂದೆ ಹೆದ್ದಾರಿಯಲ್ಲಿ ಸಾಲಾಗಿ ಹಾಕುವ ಉಬ್ಬುಪಟ್ಟಿಗಳ ಮೇಲೆ, ಒಂದರಿಂದ ಚೇತರಿಸಿ ಮೇಲೇಳುವಷ್ಟರಲ್ಲಿ ಇನ್ನೊಂದು ಬಂದು ಫೋರ್ಕ್ ಕೆಳಗೇ ಕೂತುಬಿಡುತ್ತದೆ. ಬ್ರ್ಯಾಂಡ್ ಬದಲಿಸುವಾಗ W ನೋಡಬೇಡಿ, 40 ಡಿಗ್ರಿಯ ಸೆಂಟಿಸ್ಟೋಕ್ಸ್ ಅಂಕಿ (ಆಯಿಲ್ ಎಷ್ಟು ಮಂದ ಎಂಬ ನಿಜವಾದ ಅಳತೆ) ನೋಡಿ. ಒಬ್ಬರ 10W ಇನ್ನೊಬ್ಬರ 10W ಅಲ್ಲ.

ಬಿಚ್ಚುವಾಗ ಮೊದಲು ಮೇಲಿನ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ಫೋರ್ಕ್ ಬೈಕಿನಲ್ಲಿದ್ದಾಗಲೇ ಕ್ಯಾಪ್ ಅರ್ಧ ಸುತ್ತು ತಿರುಗಿಸಿಟ್ಟುಕೊಳ್ಳಿ. ಕೊನೆಯ ಎಳೆಗಳಲ್ಲಿ ಕ್ಯಾಪನ್ನು ಅಂಗೈಯಿಂದ ಒತ್ತಿ ಹಿಡಿಯಿರಿ, ಮುಖ ಪಕ್ಕಕ್ಕಿರಲಿ. ಜೋಡಿಸುವಾಗ ಆಕ್ಸಲ್ ಬಿಗಿ ಮಾಡಿ, ಅದನ್ನು ಫೋರ್ಕಿನ ಕಾಲಿಗೆ ಕಚ್ಚಿ ಹಿಡಿಯುವ ಪಿಂಚ್ ಬೋಲ್ಟ್ ಸಡಿಲವಿಟ್ಟು, ಮುಂದಿನ ಬ್ರೇಕ್ ಹಿಡಿದು ಐದಾರು ಸಲ ಅದುಮಿದ ಮೇಲೆ ಪಿಂಚ್ ಬೋಲ್ಟ್ ಬಿಗಿಯಬೇಕು. ಗ್ಯಾರೇಜಿನಲ್ಲಿ ಹೆಚ್ಚಾಗಿ ತಪ್ಪಿಹೋಗುವ ಕೆಲಸವೇ ಇದು. ಎರಡು ಕಾಲು ಒಂದಕ್ಕೊಂದು ಜಗ್ಗಿಕೊಂಡಿದ್ದರೆ ಎಂಥ ಸ್ಪ್ರಿಂಗ್ ಹಾಕಿದರೂ ಫೋರ್ಕ್ ತಿಕ್ಕಾಡುತ್ತದೆ.

ಸ್ಪ್ರಿಂಗ್ ಇಷ್ಟು ದೂರದಲ್ಲಿ ಕುಸಿದಿಲ್ಲ, ಸ್ಯಾಗ್ ಮೊದಲಿನಷ್ಟೇ. ಒಂದು ಬಾರಿ ಸೀಲಿನಲ್ಲಿ ಜಿನುಗಿದ್ದು ಮಣ್ಣಿನಿಂದ. ಹಳೆಯ ಎಕ್ಸ್‌ರೇ ಹಾಳೆಯ ಪಟ್ಟಿಯನ್ನು ಸೀಲಿನೊಳಗೆ ಸುತ್ತ ಆಡಿಸಿದ್ದಕ್ಕೆ ನಿಂತಿತು. ಹಂಪ್, ಪ್ಯಾಚ್ ಹಾಕಿದ ಟಾರ್ ರಸ್ತೆ ಈಗ ಆರಾಮ. ಅಂಚು ಚೂಪಾದ ಗುಂಡಿಗೆ ಮಾತ್ರ ಮಣಿಕಟ್ಟಿಗೆ ಏಟು ಇದ್ದೇ ಇದೆ. ಫೋರ್ಕಿನ ಚಲನೆಯನ್ನು ತಡೆಹಿಡಿಯುವ ಡ್ಯಾಂಪರ್ ರಾಡಿನ ಸಣ್ಣ ತೂತುಗಳಲ್ಲಿ ಆಯಿಲ್ ಅಷ್ಟು ವೇಗವಾಗಿ ಹಾಯಲಾರದು, ಅದಕ್ಕೆ ಬೇಕಿರುವುದು ಜೋರು ಏಟಿಗೆ ತೆರೆದು ಆಯಿಲಿಗೆ ದಾರಿ ಬಿಡುವ ಎಮ್ಯುಲೇಟರ್ ವಾಲ್ವ್.