ನಿಯೋ4ಜೆ ಸರ್ವರ್‌ನ ನಾಡಿ ಹಿಡಿಯುವುದು: ವರ್ಷಗಳ ಬಳಕೆಯ ನಂತರ ಒಂದು ವಿಮರ್ಶೆ

ನಿಯೋ4ಜೆ ಅಂದರೆ ಮಾಹಿತಿಯನ್ನು ನೋಡ್ ಎಂಬ ಬಿಂದುಗಳಾಗಿ, ಅವುಗಳ ನಡುವಿನ ಸಂಬಂಧಗಳಾಗಿ ಇಡುವ ಗ್ರಾಫ್ ಡೇಟಾಬೇಸ್. ಅದರ ಬಗ್ಗೆ ಬರೆಯುವವರು ಹೆಚ್ಚಾಗಿ ಅದಕ್ಕೆ ಪ್ರಶ್ನೆ (ಕ್ವೆರಿ) ಕೇಳುವ ಸೈಫರ್ ಭಾಷೆಯನ್ನು ಹೊಗಳುತ್ತಾರೆ, ಪರದೆಯ ಮೇಲೆ ಬಿಚ್ಚಿಕೊಳ್ಳುವ ಗ್ರಾಫನ್ನು ಮೆಚ್ಚುತ್ತಾರೆ. ಎರಡೂ ಸರಿಯೇ. ಆದರೆ ಸರ್ವರ್ ನಡೆಸುವವರ ಪ್ರಶ್ನೆ ಬೇರೆ: ಅದರ ಆರೋಗ್ಯ ಕೆಡುತ್ತಿದೆ ಅನ್ನೋದು ಬಳಕೆದಾರರ ಫೋನ್ ಬರುವ ಮೊದಲೇ ನಮಗೆ ಗೊತ್ತಾಗುತ್ತದೆಯೇ? ನಾವು 4.4ರ ಕಾಲದಿಂದ ಎಂಟರ್‌ಪ್ರೈಸ್ ಅನ್ನುವ ದುಡ್ಡಿನ ಆವೃತ್ತಿಯನ್ನು ಬಳಸುತ್ತಿದ್ದೇವೆ, ಈಗ 5.26ರಲ್ಲಿದ್ದೇವೆ. ನಮ್ಮದು ಹಣಕಾಸು ವಂಚನೆ ಪತ್ತೆಯ ಕೆಲಸ. ಖಾತೆ, ಮೊಬೈಲ್ ನಂಬರ್, ವಿಳಾಸ, ಸಾಧನ ಇವುಗಳಲ್ಲಿ ಯಾವುದನ್ನು ಯಾರ ಜೊತೆ ಯಾರು ಹಂಚಿಕೊಂಡಿದ್ದಾರೆ ಎಂದು ಹುಡುಕುವುದು. ಸರ್ವರ್ ಆರೋಗ್ಯದ ಆ ಪ್ರಶ್ನೆಗೆ ನನ್ನ ಉತ್ತರ: ಗೊತ್ತಾಗುತ್ತದೆ, ನೋಡಬೇಕಾದ ಕಡೆ ನೋಡಿದರೆ. ಆದರೆ ಹಾಗೆ ನೋಡುವ ಸೌಲಭ್ಯದ ಬಹುಪಾಲು ದುಡ್ಡು ಕೊಟ್ಟವರಿಗಷ್ಟೇ.

ಮೊದಲು ಹೇಳಬೇಕಾದದ್ದು ಪೋರ್ಟ್ ತಪಾಸಣೆಯ ಬಗ್ಗೆ. ಡೇಟಾಬೇಸ್ ಜೊತೆ ಮಾತಾಡುವ ಬೋಲ್ಟ್ ಪ್ರೋಟೋಕಾಲ್‌ನ 7687, ಎಚ್‌ಟಿಟಿಪಿಯ 7474 ತೆರೆದಿವೆಯೇ ಎಂದು ನೋಡಿ ಹಸಿರು ದೀಪ ಹಚ್ಚುವುದು ಎಲ್ಲ ಕಡೆ ಇರುವ ರೂಢಿ. ಈ ಡೇಟಾಬೇಸ್‌ಗೆ ಅದು ಏನೇನೂ ಸಾಲದು. ನಿಯೋ4ಜೆ ಓಡುವುದು ಜಾವಾ ವರ್ಚುವಲ್ ಮಷೀನ್ ಒಳಗೆ. ಬೇಡವಾದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಷನ್‌ಗಾಗಿ ಆ ಮಷೀನ್ ಪೂರ್ತಿ ನಿಂತುಹೋಗಿದ್ದರೂ ಟಿಸಿಪಿ ಸಂಪರ್ಕವನ್ನು ಲಿನಕ್ಸ್ ಕರ್ನಲ್ ಒಪ್ಪಿಕೊಳ್ಳುತ್ತಲೇ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಸರ್ವರ್ ಚೆನ್ನಾಗಿದೆ, ಒಳಗೆ ಒಂದು ಕ್ವೆರಿಯೂ ಮುಂದೆ ಹೋಗುತ್ತಿಲ್ಲ. ಆದ್ದರಿಂದ ನಮ್ಮ ತಪಾಸಣೆ ಬೋಲ್ಟ್ ಮೂಲಕ ಒಳಗೆ ಹೋಗಿ, ಗೊತ್ತಿರುವ ಒಂದು ನೋಡನ್ನು ಇಂಡೆಕ್ಸ್ ಬಳಸಿ ಓದಿ, ಅದಕ್ಕೆ ಹಿಡಿದ ಸಮಯವನ್ನು ಬರೆದಿಡುತ್ತದೆ. ಬರೀ ‘ರಿಟರ್ನ್ 1’ ಕೇಳಿದರೆ ಡಿಸ್ಕ್‌ನಲ್ಲಿರುವ ಗ್ರಾಫನ್ನು ಅದು ಮುಟ್ಟುವುದೇ ಇಲ್ಲ.

ನಿಜವಾದ ಆರೋಗ್ಯ ಇರುವುದು ಮೆಮೊರಿಯಲ್ಲಿ, ಅದೂ ಎರಡು ಭಾಗವಾಗಿ. ಕ್ವೆರಿ ಓಡುವಾಗ ಬಳಸುವುದು ಹೀಪ್. ಗ್ರಾಫ್‌ನ ಫೈಲ್‌ಗಳನ್ನು ಡಿಸ್ಕ್‌ನಿಂದ ತಂದು ಇಟ್ಟುಕೊಳ್ಳುವುದು ಪೇಜ್ ಕ್ಯಾಶ್. ಬೇಕಾದ ಪೇಜ್ (ಫೈಲಿನ ತುಣುಕು) ಡಿಸ್ಕ್‌ಗೆ ಹೋಗದೆ ಅಲ್ಲೇ ಸಿಗುವ ಪ್ರಮಾಣ, ಅಂದರೆ ಪೇಜ್ ಕ್ಯಾಶ್ ಹಿಟ್ ರೇಶಿಯೋ, ಸದಾ 98ರಿಂದ 100 ಶೇಕಡಾ ಇರಬೇಕು ಅನ್ನುತ್ತದೆ ಕೈಪಿಡಿ. ಸಾಮಾನ್ಯ ಡೇಟಾಬೇಸ್ ನಡೆಸಿ ಬಂದವರಿಗೆ 95 ಚೆನ್ನಾಗಿಯೇ ಕಾಣಬಹುದು. ಗ್ರಾಫ್‌ನಲ್ಲಿ ಹಾಗಲ್ಲ. ಒಂದು ಖಾತೆಯಿಂದ ನಾಲ್ಕು ಹೆಜ್ಜೆ ದೂರ ಹೋಗುವ ಕ್ವೆರಿ ದಾರಿಯಲ್ಲಿ ಎಷ್ಟೋ ಸಾವಿರ ಪೇಜ್‌ಗಳನ್ನು ಮುಟ್ಟುತ್ತದೆ, ಅದರಲ್ಲಿ ನೂರಕ್ಕೆ ಐದು ಸಲ ಡಿಸ್ಕ್‌ಗೆ ಓಡಿದರೂ ವೇಗ ಹೋಯಿತೆಂದೇ ಲೆಕ್ಕ. ಆ ಅನುಪಾತದ ಜೊತೆ ಪೇಜ್ ಫಾಲ್ಟ್‌ಗಳ (ಪೇಜ್ ಸಿಗದೆ ಡಿಸ್ಕ್‌ಗೆ ಹೋದ ಸಲಗಳ) ಏರಿಕೆಯ ವೇಗವನ್ನೂ, ಅಂಕಿಗಳನ್ನು ಗೆರೆಗಳಾಗಿ ತೋರಿಸುವ ಗ್ರಾಫಾನಾದ ಒಂದೇ ಫಲಕದಲ್ಲಿ ಇಟ್ಟಿದ್ದೇವೆ. ದಿನಕಳೆದಂತೆ ಡೇಟಾ ಬೆಳೆದು ಕ್ಯಾಶ್‌ಗೆ ಹಿಡಿಸದಂತಾಗುವುದು ಆ ಎರಡು ಗೆರೆಗಳಲ್ಲಿ ವಾರಗಳ ಮೊದಲೇ ಕಾಣುತ್ತದೆ. ಹಾಗಂತ ಇರುವ ರ‍್ಯಾಮ್ ಎಲ್ಲವನ್ನೂ ಇವೆರಡಕ್ಕೇ ಹಂಚಿಬಿಡಬಾರದು. ಪಠ್ಯ ಹುಡುಕುವ ಫುಲ್‌ಟೆಕ್ಸ್ಟ್ ಇಂಡೆಕ್ಸ್‌ಗಳು ಲೂಸಿನ್ ಎಂಬ ಹುಡುಕಾಟದ ಲೈಬ್ರರಿಯ ಮೇಲೆ ನಿಂತಿವೆ, ಅವು ಪೇಜ್ ಕ್ಯಾಶ್‌ನ ಹೊರಗೆ, ಆಪರೇಟಿಂಗ್ ಸಿಸ್ಟಮ್‌ನ ಪಾಲಿನ ಮೆಮೊರಿಯನ್ನು ಬಳಸುತ್ತವೆ. ನಿಯೋ4ಜೆ ಅಡ್ಮಿನ್ ಎಂಬ ಉಪಕರಣದ ಮೆಮೊರಿ ರೆಕಮೆಂಡೇಶನ್ ಆದೇಶ ಕೊಡುವ ಅಂಕಿಗಳಿಂದ ಶುರು ಮಾಡಿದರೆ ಒಳ್ಳೆಯದು.

4.4ರಲ್ಲಿದ್ದಾಗ ನಡೆದ ಒಂದು ಘಟನೆ ಹೇಳಲೇಬೇಕು. ನಮಗೆ ಡೇಟಾ ಕೊಡುವ ಸಂಸ್ಥೆಯೊಂದರಲ್ಲಿ, ಮೊಬೈಲ್ ಇಲ್ಲದ ಗ್ರಾಹಕರ ಹೆಸರಿಗೆ ಶಾಖೆಯವರು ಒಂದೇ ನಂಬರ್ ತುಂಬುತ್ತಿದ್ದರು. ಹಾಗಾಗಿ ಗ್ರಾಫ್‌ನಲ್ಲಿ ಒಂದು ಮೊಬೈಲ್ ನೋಡ್‌ಗೆ ಸಾವಿರಾರು ಖಾತೆಗಳು ಅಂಟಿಕೊಂಡವು. ಸೂಪರ್‌ನೋಡ್ ಅನ್ನುವುದು ಇದನ್ನೇ. ಒಂದರಿಂದ ಆರು ಹೆಜ್ಜೆಯವರೆಗೆ ಹುಡುಕುವ ವರದಿಯ ಕ್ವೆರಿ ಆ ನೋಡ್ ಮೇಲೆ ಕಾಲಿಟ್ಟಾಗ ದಾರಿಗಳ ಸಂಖ್ಯೆ ಗುಣಿಸುತ್ತಾ ಹೋಯಿತು, ಹೀಪ್ ತುಂಬಿತು. ಪೋರ್ಟ್ ತಪಾಸಣೆ ಹಸಿರಾಗೇ ಇತ್ತು. ನಿಜ ಹೇಳಿದ್ದು ಡೀಬಗ್ ಲಾಗ್: ‘ಸ್ಟಾಪ್ ದಿ ವರ್ಲ್ಡ್ ಪಾಸ್’ ಪತ್ತೆಯಾಯಿತು ಅನ್ನುವ ಎಚ್ಚರಿಕೆಯ ಸಾಲುಗಳು, ಪ್ರತಿಯೊಂದರಲ್ಲೂ ಎಷ್ಟು ಹೊತ್ತು ನಿಂತಿತು, ಅದರಲ್ಲಿ ಗಾರ್ಬೇಜ್ ಕಲೆಕ್ಷನ್‌ನ ಪಾಲೆಷ್ಟು ಎಂಬ ಲೆಕ್ಕ. ಸಾಲು ಸಾಲಿಗೂ ಆ ಅಂಕಿ ದೊಡ್ಡದಾಗುತ್ತಿತ್ತು. ಈಗ ಓಡುತ್ತಿರುವ ಟ್ರಾನ್ಸಾಕ್ಷನ್‌ಗಳನ್ನು (ಬ್ಯಾಂಕಿನ ವಹಿವಾಟಲ್ಲ, ಡೇಟಾಬೇಸ್ ಒಳಗಿನ ಕೆಲಸಗಳನ್ನು) ತೋರಿಸುವ ‘ಶೋ ಟ್ರಾನ್ಸಾಕ್ಷನ್ಸ್’ ಆದೇಶ ಕೊಟ್ಟಾಗ ಕ್ವೆರಿಯ ಪಠ್ಯ, ಅದು ಓಡುತ್ತಿರುವ ಅವಧಿ, ಹಿಡಿದಿರುವ ಹೀಪ್‌ನ ಅಂದಾಜು ಎಲ್ಲವೂ ಒಂದೇ ಸಾಲಿನಲ್ಲಿ ಸಿಕ್ಕಿತು. ಅದರ ಐಡಿ ಹಿಡಿದು ‘ಟರ್ಮಿನೇಟ್’ ಮಾಡಿದ ಮೇಲೆ ಸರ್ವರ್ ತಾನಾಗಿ ಚೇತರಿಸಿಕೊಂಡಿತು, ರೀಸ್ಟಾರ್ಟ್ ಬೇಕಾಗಲಿಲ್ಲ. ರೀಸ್ಟಾರ್ಟ್ ಮಾಡಿದ್ದರೆ ಪೇಜ್ ಕ್ಯಾಶ್ ಬರಿದಾಗಿ, ಅದು ಮತ್ತೆ ತುಂಬುವವರೆಗೆ ಉಳಿದ ಕ್ವೆರಿಗಳೂ ಕುಂಟುತ್ತಿದ್ದವು. ಈ ಉತ್ಪನ್ನದ ಮೇಲೆ ನನಗೆ ಭರವಸೆ ಬಂದದ್ದು ಅವತ್ತು.

ಅಂದಿನಿಂದ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಅತಿ ಹಳೆಯ ಟ್ರಾನ್ಸಾಕ್ಷನ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಅನ್ನೋದನ್ನು. ಸಿಪಿಯು ಗೆರೆಗಿಂತ ಅದು ಹೆಚ್ಚು ಹೇಳುತ್ತದೆ. ಟ್ರಾನ್ಸಾಕ್ಷನ್ ಟೈಮ್‌ಔಟ್‌ನ ಡೀಫಾಲ್ಟ್ ಮೌಲ್ಯ ಸೊನ್ನೆ, ಅಂದರೆ ಮಿತಿಯೇ ಇಲ್ಲ. ಹೊಸ ಸರ್ವರ್ ಎಬ್ಬಿಸಿದ ದಿನವೇ ಅದನ್ನು ಬದಲಿಸಿ. ಒಂದೊಂದು ಟ್ರಾನ್ಸಾಕ್ಷನ್ ಬಳಸಬಹುದಾದ ಮೆಮೊರಿಗೂ ಮಿತಿ ಹಾಕಬಹುದು, ಅದನ್ನೂ ಹಾಕಿಡಿ. ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕ್‌ನ ಫೈಲ್‌ಗಳಿಗೆ ಬರೆಯುವ ಚೆಕ್‌ಪಾಯಿಂಟ್‌ಗೆ ಹಿಡಿಯುವ ಸಮಯ, ಬದಲಾವಣೆಗಳ ದಾಖಲೆಯಾದ ಟ್ರಾನ್ಸಾಕ್ಷನ್ ಲಾಗ್ ಇರುವ ಡಿಸ್ಕ್‌ನಲ್ಲಿ ಉಳಿದ ಜಾಗ ಇವೆರಡನ್ನೂ ಬಿಡಬೇಡಿ.

ಈ ಅಳತೆಯ ಅಂಕಿಗಳನ್ನು, ಅಂದರೆ ಮೆಟ್ರಿಕ್ಸ್ ಅನ್ನು, ಹೊರತೆಗೆಯುವುದು ಸುಲಭ. ಕಾನ್ಫಿಗರೇಶನ್‌ನಲ್ಲಿ ಪ್ರಮೀಥಿಯಸ್ (ಇಂಥ ಅಂಕಿಗಳನ್ನು ಸಂಗ್ರಹಿಸುವ ತಂತ್ರಾಂಶ) ಆನ್ ಮಾಡಿದರೆ 2004 ಪೋರ್ಟ್‌ನಲ್ಲಿ ಸಿಗುತ್ತವೆ. ಆದರೆ ಎಲ್ಲ ಮೆಟ್ರಿಕ್ಸ್ ತಾನಾಗಿ ಬರುವುದಿಲ್ಲ, ಫಿಲ್ಟರ್‌ನಲ್ಲಿ ಬೇಕಾದವನ್ನು ಸೇರಿಸಬೇಕು. ಕಂಪನಿಯದೇ ಆಪ್ಸ್ ಮ್ಯಾನೇಜರ್ ಕೂಡ ಇದೆ, ಫಲಕಗಳೂ ಎಚ್ಚರಿಕೆಗಳೂ ಸಿದ್ಧವಾಗಿ ಸಿಗುತ್ತವೆ. ಆದರೆ ಅದಕ್ಕೆ ಸರ್ವರ್‌ಗೊಂದು ಏಜೆಂಟ್ ಬೇಕು, ಅದರ ದಾಖಲೆ ಇಡಲು ಇನ್ನೊಂದು ನಿಯೋ4ಜೆ ಬೇಕು. ಈಗಾಗಲೇ ಪ್ರಮೀಥಿಯಸ್ ಇರುವ ತಂಡಕ್ಕೆ ಅದು ಹೆಚ್ಚಿನ ಹೊರೆ ಅನ್ನುವುದು ನನ್ನ ಅಭಿಪ್ರಾಯ.

4.4ರಿಂದ 5ಕ್ಕೆ ಹೋಗುವವರು ಸಮಯ ಇಟ್ಟುಕೊಳ್ಳಿ. ಸೆಟ್ಟಿಂಗ್‌ಗಳ ಹೆಸರುಗಳೇ ಬದಲಾಗಿವೆ, ಗೊತ್ತಿಲ್ಲದ ಹೆಸರು ಕಂಡರೆ ಸರ್ವರ್ ಶುರುವೇ ಆಗುವುದಿಲ್ಲ. ಹಳೆಯ ಫೈಲನ್ನು ಬದಲಿಸಿಕೊಡುವ ಆದೇಶವನ್ನು ಅಡ್ಮಿನ್ ಉಪಕರಣದಲ್ಲೇ ಕೊಟ್ಟಿದ್ದಾರೆ, ಬಳಸಿ. ಗ್ರಾಫಾನಾ ಫಲಕಗಳನ್ನು ಮಾತ್ರ ನಾವೇ ಕೂತು ಒಂದೊಂದಾಗಿ ಸರಿಮಾಡಬೇಕಾಯಿತು.

ನನಗೆ ಒಪ್ಪಿಗೆಯಾಗದ ಸಂಗತಿ ಒಂದೇ: ಮೆಟ್ರಿಕ್ಸ್ ಮತ್ತು ಕ್ವೆರಿ ಲಾಗ್ ಎರಡೂ ಎಂಟರ್‌ಪ್ರೈಸ್‌ಗೆ ಮಾತ್ರ. ಆನ್‌ಲೈನ್ ಬ್ಯಾಕಪ್, ಕ್ಲಸ್ಟರ್ ಇವು ದುಡ್ಡಿನ ಆವೃತ್ತಿಯಲ್ಲಿರಲಿ, ಅದು ವ್ಯಾಪಾರ. ನಿಧಾನವಾದ ಕ್ವೆರಿ ಯಾವುದು ಅನ್ನುವ ಮಾಹಿತಿ ಹಾಗಲ್ಲ, ಅದು ಸರ್ವರ್ ನಡೆಸುವ ಪ್ರತಿಯೊಬ್ಬರಿಗೂ ಬೇಕಾದ ಕನಿಷ್ಠ ಅಗತ್ಯ. ಕಾಲೇಜಿನ ಪ್ರಾಜೆಕ್ಟ್, ಪುಟ್ಟ ಸ್ಟಾರ್ಟ್‌ಅಪ್ ನಡೆಸುವವರು ಉಚಿತವಾದ ಕಮ್ಯುನಿಟಿ ಆವೃತ್ತಿಯಲ್ಲಿ, ಜಾವಾ ಮಷೀನ್‌ನ ಅಂಕಿಗಳನ್ನು ಹೊರಗೆ ಕೊಡುವ ಜೆಎಂಎಕ್ಸ್ ಎಕ್ಸ್‌ಪೋರ್ಟರ್ ಹಾಕಿ ಹೀಪ್, ಗಾರ್ಬೇಜ್ ಕಲೆಕ್ಷನ್ ನೋಡಬಹುದು, ಡೀಬಗ್ ಲಾಗ್‌ನ ಆ ಎಚ್ಚರಿಕೆ ಸಾಲುಗಳಿಗೆ ಅಲರ್ಟ್ ಕಟ್ಟಬಹುದು, ನಿಮಿಷಕ್ಕೊಮ್ಮೆ ‘ಶೋ ಟ್ರಾನ್ಸಾಕ್ಷನ್ಸ್’ ಓಡಿಸಿ ಉದ್ದದವನ್ನು ಬರೆದಿಡುವ ಒಂದು ಚಿಕ್ಕ ಸ್ಕ್ರಿಪ್ಟ್ ಇಡಬಹುದು. ಅಷ್ಟಾದರೂ ಮಾಡಿಯೇ ನಿಜವಾದ ಬಳಕೆದಾರರನ್ನು ಅದರ ಮೇಲೆ ಬಿಡಿ.