ಹಸಿರು ಬಣ್ಣ ನೋಡಿ ‘ಟ್ರೀಟ್ಮೆಂಟ್ ಆದ ಮರ’ ತರಬೇಡಿ

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಹೊಸ ಮನೆ ಕಟ್ಟುವವರು ಈಗ ಅಂಗಳದ ಬದಿಗೆ ಒಂದು ಮರದ ಚಪ್ಪರ, ಸಂಜೆ ಕೂರಲು ಒಂದು ಮರದ ಜಗಲಿ ಮಾಡಿಸುತ್ತಾರೆ. ಅದಕ್ಕೆ ‘ಪ್ರೆಶರ್ ಟ್ರೀಟ್ಮೆಂಟ್ ಆದ ಪೈನ್’, ಅಂದರೆ ಕೊಳೆ, ಗೆದ್ದಲು ಬಾರದ ಹಾಗೆ ಒತ್ತಡ ಕೊಟ್ಟು ಮದ್ದು ಇಳಿಸಿದ ಮರ, ತರುವ ಯೋಚನೆ ಇದ್ದರೆ ಅಡ್ವಾನ್ಸ್ ಕೊಡುವ ಮೊದಲು ಇದನ್ನೊಮ್ಮೆ ಓದಿ.

ನಮ್ಮ ಮರ ಬಂದದ್ದು ಗಡಿಯಾಚೆಯ ಒಂದು ಅಂಗಡಿಯಿಂದ. ಹೆಸರು ಬೇಡ. ತಿಳಿ ಹಸಿರು ಬಣ್ಣ, ನೋಡಲು ಚಂದ, ರೇಟು ತೇಗಕ್ಕಿಂತ ಎಷ್ಟೋ ಕಡಿಮೆ. “ಒಳಗಿನವರೆಗೆ ಮದ್ದು ಇಳಿದಿದೆ ಸರ್, ಮಣ್ಣಲ್ಲಿ ಹೂತರೂ 20 ವರ್ಷಕ್ಕೆ ಏನೂ ಆಗುವುದಿಲ್ಲ” ಅಂದರು ಮಾಲಿಕರು. ಎರಡನೇ ಮಳೆಗಾಲ ಮುಗಿಯುವ ಮೊದಲೇ ಚಪ್ಪರದ ಒಂದು ಕಂಬ ವಾಲಿತು. ಆಚಾರಿ ಬಂದು ಕಂಬದ ಬುಡಕ್ಕೆ, ಸರಿಯಾಗಿ ಮಣ್ಣಿಗೆ ತಾಗುವಲ್ಲಿ, ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೆ ಸಲೀಸಾಗಿ ಹೋಯಿತು. ಎಳೆದರೆ ತುದಿಯಲ್ಲಿ ಒದ್ದೆ ಕಂದು ಹುಡಿ, ಜೊತೆಗೆ ಗೆದ್ದಲು. ಹೊರಗಿನ ಹಸಿರು ಬಣ್ಣ ಮಾತ್ರ ಹಾಗೆಯೇ ಇತ್ತು. “ಅಣ್ಣಾ, ಇದು ಬಳಿದದ್ದು, ಇಳಿದದ್ದಲ್ಲ” ಅಂದರು ಆಚಾರಿ.

ಜಗಲಿಯ ಹಲಗೆ ಬಿಚ್ಚಿದಾಗ ಉಳಿದ ಕಥೆಯೂ ಗೊತ್ತಾಯಿತು. ಅಡಿಭಾಗದಲ್ಲಿ ಹಳೆಯ ಮೊಳೆಯ ತೂತುಗಳು, ಪುಟ್ಟಿ ಮೆತ್ತಿ ಮುಚ್ಚಿದ್ದಾರೆ. ಒಂದು ಹಲಗೆಯಲ್ಲಿ ಅರ್ಧ ಉಜ್ಜಿಹೋದ ಮುದ್ರೆ. ತೆನೆಯಂಥ ಒಂದು ಚಿತ್ರ, ಪಕ್ಕದಲ್ಲಿ ಇಂಗ್ಲಿಷಿನ ಎಚ್ ಮತ್ತು ಟಿ. ಹೊರದೇಶಗಳಿಂದ ಸಾಮಾನು ಬರುವ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ ಹೊಡೆಯುವ ಮುದ್ರೆ ಅದು. ಒಂದು ದೇಶದ ಹುಳ ಇನ್ನೊಂದಕ್ಕೆ ಹೋಗಬಾರದು ಅಂತ ಮರದ ನಡುಭಾಗಕ್ಕೂ 56 ಡಿಗ್ರಿ ಬಿಸಿ ಮುಟ್ಟಿಸಿ 30 ನಿಮಿಷ ಇಡುತ್ತಾರೆ. ಆಗ ಒಳಗಿದ್ದ ಹುಳ ಸಾಯುತ್ತದೆ, ಅಷ್ಟೇ. ಮದ್ದು ಅಂತ ಒಂದು ತೊಟ್ಟೂ ಹಾಕುವುದಿಲ್ಲ. ಎಂ ಮತ್ತು ಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಬಿಟ್ಟದ್ದು. ಅದೂ ನಮ್ಮ ಅಂಗಳದ ಗೆದ್ದಲನ್ನು ತಡೆಯುವುದಿಲ್ಲ.

ಕೇಳಿದ್ದಕ್ಕೆ ಮಾಲಿಕರು ಏನಂದರು ಗೊತ್ತಾ? “ಟ್ರೀಟ್ಮೆಂಟ್ ಆಗಿದೆ ಅಂತಲ್ವಾ ಹೇಳಿದ್ದು? ಆಗಿದೆಯಲ್ಲ!” ಬಿಲ್ಲಿನಲ್ಲೂ ‘ಟ್ರೀಟೆಡ್ ವುಡ್’ ಅಂತ ಅಷ್ಟೇ ಬರೆದಿದ್ದರು.

ನಿಜವಾದ ಪ್ರೆಶರ್ ಟ್ರೀಟ್ಮೆಂಟ್ ಬೇರೆಯೇ. ಒಣಗಿದ ಮರವನ್ನು ಉದ್ದನೆಯ ಉಕ್ಕಿನ ಸಿಲಿಂಡರಿನೊಳಗೆ ತಳ್ಳಿ, ಬಾಗಿಲು ಬಿಗಿದು, ಮೊದಲು ಗಾಳಿ ಎಳೆಯುತ್ತಾರೆ. ಆಮೇಲೆ ಮದ್ದಿನ ನೀರು ಬಿಟ್ಟು ಒತ್ತಡ ಕೊಡುತ್ತಾರೆ. ಗಾಳಿ ಹೋದ ಜಾಗಕ್ಕೆಲ್ಲ ಮದ್ದು ನುಗ್ಗುತ್ತದೆ. ಹಸಿ ಮರವಾದರೆ ಒಳಗೆ ನೀರೇ ತುಂಬಿರುತ್ತದೆ, ಮದ್ದಿಗೆ ಜಾಗವೆಲ್ಲಿ? ಕೆಚ್ಚಿಗೂ ಅದು ಸರಿಯಾಗಿ ಇಳಿಯುವುದಿಲ್ಲ, ಸುತ್ತಲಿನ ಬಿಳಿ ಭಾಗವೇ ಚೆನ್ನಾಗಿ ಕುಡಿಯುವುದು.

ಮದ್ದುಗಳಲ್ಲಿ ಹೆಸರಾದದ್ದು ಸಿಸಿಎ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ್ದು. 1930ರ ದಶಕದಲ್ಲಿ ಇದನ್ನು ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ, ನಮ್ಮ ದೇಶದವರೇ. ತಾಮ್ರ ಕೊಳೆಗೆ ಮದ್ದು. ಅಡಿಕೆಗೆ ಬೋರ್ಡೋ ಬಿಡುವ ಊರಿನವರಿಗೆ ತಾಮ್ರದ ಮೈಲುತುತ್ತಿನ ಗುಣ ಹೇಳಬೇಕಾಗಿಲ್ಲ. ಆರ್ಸೆನಿಕ್ ಗೆದ್ದಲಿಗೆ. ಕ್ರೋಮಿಯಂ ಇವೆರಡನ್ನೂ ಮರಕ್ಕೆ ಕಚ್ಚಿ ಹಿಡಿಸುತ್ತದೆ. ಅಮೆರಿಕದಲ್ಲಿ ಆರ್ಸೆನಿಕ್ ಭಯಕ್ಕೆ 2003ರ ಕೊನೆಗೆ ಮನೆಗೆಲಸದ ಮರಕ್ಕೆ ಸಿಸಿಎ ಹಾಕುವುದನ್ನು ಬಿಟ್ಟರು. ಈಗ ಅಲ್ಲಿ ಎಸಿಕ್ಯುದಂಥ ಬೇರೆ ತಾಮ್ರದ ಮದ್ದುಗಳಿವೆ. ಅಲ್ಲಿನ ಹಲಗೆಯ ತುದಿಗೆ ಚೀಟಿ ಇರುತ್ತದೆ. ಯುಸಿ3ಬಿ ಅಂದರೆ ಮಳೆಗಿರಬಹುದು, ಮಣ್ಣಿಗೆ ತಾಗಬಾರದು. ಯುಸಿ4ಎ ಅಂದರೆ ಮಣ್ಣಿಗೂ ಆಗುತ್ತದೆ. ನ್ಯೂಜಿಲೆಂಡ್ ಪೈನಾದರೆ ಮಣ್ಣಿಗೆ ಎಚ್4 ಬೇಕು. ಎಚ್4 ಬೇರೆ, ಆ ಪೆಟ್ಟಿಗೆಯ ಎಚ್‌ಟಿ ಬೇರೆ. ನೆನಪಿರಲಿ.

ರಬ್ಬರು ಮರದ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಅದಕ್ಕೆ ಸಾಮಾನ್ಯವಾಗಿ ಬೋರಾಕ್ಸ್, ಬೋರಿಕ್ ಆಸಿಡ್ ಇಳಿಸುತ್ತಾರೆ, ಸಿಲಿಂಡರಿನಲ್ಲಿ ಒತ್ತಡ ಕೊಟ್ಟೇ. ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಬೋರಾನ್ ನೀರಿಗೆ ಕರಗುತ್ತದೆ. ಒಳಮನೆಯ ಮಂಚ, ಮೇಜಿಗೆ ಒಳ್ಳೆಯದೇ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನ ಅಂಗಳದಲ್ಲಿಟ್ಟರೆ ಮದ್ದೆಲ್ಲ ತೊಳೆದು ಹೋಗುತ್ತದೆ.

ಅಂಗಡಿಯಲ್ಲಿ ಹಲಗೆಯ ತುದಿ ನೋಡಿ ನಂಬಬೇಡಿ, ತುದಿಯಿಂದ ಮದ್ದು ಹೇಗೂ ಒಳಗೆ ಹೋಗುತ್ತದೆ. ನಡುವೆ ಅಡ್ಡ ಕೊಯ್ಸಿ ನೋಡಿ. ತಾಮ್ರದ ಮದ್ದಾದರೆ ಬಿಳಿ ಭಾಗದಲ್ಲಿ ಹಸಿರು ಆಳಕ್ಕೆ ಇಳಿದಿರಬೇಕು. ಅಂಚಿನಲ್ಲಿ ಗೆರೆಯಷ್ಟೇ ಇದ್ದರೆ ಅದು ಬಣ್ಣ. ಕೊಯ್ಯಲು ಒಪ್ಪದಿದ್ದರೆ ಎದ್ದು ಬನ್ನಿ. ಬಿಲ್ಲಿನಲ್ಲಿ ಮದ್ದಿನ ಹೆಸರು, ಘನ ಮೀಟರಿಗೆ ಎಷ್ಟು ಕಿಲೋ ಮದ್ದು ಹಿಡಿದಿದೆ, ಮಣ್ಣಿಗೆ ತಾಗಬಹುದೋ ಇಲ್ಲವೋ, ಮೂರನ್ನೂ ಬರೆಸಿ. ಮರಕ್ಕೆ ಮದ್ದು ಹಾಕುವ ಕ್ರಮಕ್ಕೆ ಭಾರತೀಯ ಮಾನಕ ಐಎಸ್ 401 ಇದೆ. ಆ ನಂಬರ್ ಹೇಳಿ ಕೇಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಒಳ್ಳೆಯ ಮರವೇ ಸಿಕ್ಕಿದರೂ ಕೊಯ್ದಲ್ಲಿ, ತೂತು ಕೊರೆದಲ್ಲಿ ಮತ್ತೆ ಮದ್ದು ಹಚ್ಚಿಸಿ. ತಾಮ್ರದ ಮದ್ದು ಸಾದಾ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ, ಗ್ಯಾಲ್ವನೈಸ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಉಳಿದ ತುಂಡುಗಳನ್ನು ನಮ್ಮ ಅಭ್ಯಾಸದಂತೆ ಬಚ್ಚಲೊಲೆಗೆ ಹಾಕಿಬಿಡಬೇಡಿ. ಸಿಸಿಎ ಮರದ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ, ಆ ಬೂದಿ ಬಸಳೆ ಬುಡಕ್ಕೆ ಹೋಗುವುದೇ ಬೇಡ.

ಈಗ ನಮ್ಮಲ್ಲಿ ಆಚಾರಿ ಹಲಸಿನ ಕೆಚ್ಚಿನ ಕಂಬ ನಿಲ್ಲಿಸುತ್ತಿದ್ದಾರೆ. ಅದೂ ಮಣ್ಣಿಗೆ ತಾಗದ ಹಾಗೆ, ಕಾಂಕ್ರೀಟ್ ಕಟ್ಟೆಯ ಮೇಲೆ ಕಬ್ಬಿಣದ ಪಟ್ಟಿ ಹಿಡಿಸಿ. ಖರ್ಚು ಜಾಸ್ತಿಯೇ. ಇಂಥ ಮರ ಆಗಲೇ ತಂದು ಕೂರಿಸಿದವರು ಬಿಲ್ಲು, ಮುದ್ರೆ ಇರುವ ಹಲಗೆ, ಫೋಟೋ ಎಲ್ಲ ಜೋಪಾನವಾಗಿಡಿ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ ಸಮಯವಿದೆ. ಮರ ಕುಂಬಾಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು, ಹಾಗಾಗಿ ಈ ಮಳೆಗಾಲದಲ್ಲೇ ಒಮ್ಮೆ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ.